ಕಾರು ಮಲಗುವ ಜಾಗ

ದಸರಾ ರಜೆಗೆ ಬೆಂಗಳೂರಿಗೆ ಬಂದಿದ್ದ ಅಕ್ಕನ ಮಗಳು ಪುಟ್ಟಿ, ನನ್ನ ಕಾರಿನಲ್ಲಿ ಕೂತು ಒಂದೇ ಕಿರಾಣಿ ಅಂಗಡಿಯನ್ನು ನಾಲ್ಕು ಸಲ ನೋಡಿದಳು. ಮೊದಲನೇ ಸಲ ಸುಮ್ಮನಿದ್ದಳು. ಎರಡನೇ ಸಲ ನನ್ನ ಮುಖ ನೋಡಿದಳು. ನಾಲ್ಕನೇ ಸಲಕ್ಕೆ ತಡೆಯಲಾಗಲಿಲ್ಲ.

"ಮಾವ, ಮನೆ ಅಲ್ಲೇ ಐತಲ್ಲ, ಯಾಕ್ ಸುಮ್ನೆ ಸುತ್ತಾ ಇದೀಯ?"

"ಕಾರ್ ನಿಲ್ಸಕ್ಕೆ ಜಾಗ ಹುಡುಕ್ತಾ ಇದೀನಿ ಕಣವ್ವ."

"ಮನೆ ಮುಂದೆ ನಿಲ್ಸು."

"ಅಲ್ಲಿ ಬೇರೆ ಯಾರೋ ನಿಲ್ಸವ್ರೆ."

"ಯಾರು?"

"ಗೊತ್ತಿಲ್ಲ."

ಜಾಗ ಇಲ್ಲ ಎಂದದ್ದು ಅವಳಿಗೆ ಅರ್ಥವಾಯಿತು. ಗೊತ್ತಿಲ್ಲ ಎಂದದ್ದು ಅರ್ಥವಾಗಲಿಲ್ಲ. ಮನೆ ಬಾಗಿಲಲ್ಲಿ ಗಾಡಿ ನಿಂತಿದೆ, ಅದು ಯಾರದೆಂದು ಗೊತ್ತಿಲ್ಲ ಅಂದರೆ ಏನು? ಅವಳ ಊರು ಬಾಬುರಾಯನಕೊಪ್ಪಲು. ಶ್ರೀರಂಗಪಟ್ಟಣದ ಪಕ್ಕ, ಹಳೇ ಬೆಂಗಳೂರು–ಮೈಸೂರು ರಸ್ತೆಯ ಅಂಚಿನ ಊರು. ಅಲ್ಲಿ ಯಾವ ಹುಲ್ಲಿನ ಮೆದೆ ಯಾರದು, ಯಾವ ತಿಪ್ಪೆ ಯಾರದು, ಹುಣಸೆಮರದ ಕೆಳಗೆ ನಿಂತ ಟ್ರ್ಯಾಕ್ಟರು ಯಾರದು, ಅದರ ಟ್ರೇಲರನ್ನು ಕೇಳದೆ ತೆಗೆದುಕೊಂಡು ಹೋದವರು ಯಾರು, ಇದೆಲ್ಲ ಐದು ವರ್ಷದ ಮಕ್ಕಳಿಗೂ ಗೊತ್ತು. ಊರಿನ ಜಾಗಗಳ ಲೆಕ್ಕ ಊರಿನವರ ತಲೆಯಲ್ಲೇ ಇರುತ್ತದೆ. ಪುಸ್ತಕ ಬೇಡ, ಚೀಟಿ ಬೇಡ.

ಮಕ್ಕಳೇ, ದೊಡ್ಡ ಊರುಗಳಲ್ಲಿ ಆ ಲೆಕ್ಕವನ್ನು ತಲೆಯಿಂದ ತೆಗೆದು ಚೀಟಿಗೆ ಇಳಿಸುತ್ತಾರೆ. ಆ ಚೀಟಿಗೆ ಪಾರ್ಕಿಂಗ್ ಪರ್ಮಿಟ್ ಎನ್ನುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಅದಕ್ಕೂ ಮೊದಲು ಸ್ವಲ್ಪ ಅಳತೆ, ಸ್ವಲ್ಪ ಬೆಂಕಿಪೊಟ್ಟಣ.

ಮೊದಲ ಪ್ರಶ್ನೆ. ಕಾರು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ? ನನ್ನದು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಉಳಿದ ಇಪ್ಪತ್ತಮೂರು ಗಂಟೆ ಅದು ಎಲ್ಲೋ ಒಂದು ಕಡೆ ನಿಂತಿರುತ್ತದೆ. 24ರಲ್ಲಿ 23 ಅಂದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು! ಓಡಲೆಂದೇ ಮಾಡಿದ ಯಂತ್ರ ತನ್ನ ಆಯುಸ್ಸನ್ನೆಲ್ಲ ಮಲಗಿಯೇ ಕಳೆಯುತ್ತದೆ. ನಮ್ಮ ಮನೆಯ ಬೆಕ್ಕು ಕೂಡ ಇಷ್ಟು ಮಲಗುವುದಿಲ್ಲ.

ಮಲಗಲು ಹಾಸಿಗೆ ಬೇಕಲ್ಲ? ನಮ್ಮ ದೇಶದ ಚಿಕ್ಕ ಕಾರುಗಳ ಉದ್ದ 4 ಮೀಟರಿಗಿಂತ ಕೊಂಚ ಕಡಿಮೆ, ಅಂದರೆ ಸುಮಾರು 13 ಅಡಿ. ಅಷ್ಟಕ್ಕೇ ನಿಲ್ಲಿಸುವುದಕ್ಕೆ ಒಂದು ಕಾರಣವಿದೆ. 4 ಮೀಟರ್ ದಾಟಿದರೆ ತೆರಿಗೆ ಹೆಚ್ಚು, ಅದಕ್ಕೇ ಕಂಪನಿಯವರು ಹಿಂದುಗಡೆಯನ್ನು ಕತ್ತರಿಸಿದ ಹಾಗೆ ಮಾಡುತ್ತಾರೆ. ಬಾಗಿಲು ತೆರೆಯಲು, ಹಿಂದೆ ಮುಂದೆ ಮಾಡಲು ಜಾಗ ಬಿಟ್ಟರೆ ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ನೆಲ ಬೇಕು. ಹನ್ನೆರಡೂವರೆ ಚದರ ಮೀಟರ್. ನಿಮ್ಮ ಮನೆಯ ಒಂದು ಕೋಣೆಯನ್ನು ಟೇಪು ಹಿಡಿದು ಅಳೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಬರಬಹುದು.

ಈಗ ಬೆಂಗಳೂರಿನ ಬೀದಿಗೆ ಬನ್ನಿ. ಅಲ್ಲಿ ಮನೆ ಕಟ್ಟುವವರ ಬಾಯಲ್ಲಿ ಸದಾ ಇರುವ ಮಾತು 'ಥರ್ಟಿ ಫಾರ್ಟಿ ಸೈಟು'. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಬೀದಿಯ ಕಡೆಗೆ ಮೂವತ್ತು ಅಡಿ ಎಂದಿಟ್ಟುಕೊಳ್ಳಿ. ಅದರಲ್ಲಿ ಗೇಟಿಗೆ ಹತ್ತು ಅಡಿ. ಗೇಟಿನ ಮುಂದೆ ಗಾಡಿ ನಿಲ್ಲಿಸುವಂತಿಲ್ಲ, ಒಳಗಿನವರು ಹೊರಗೆ ಬರುವುದು ಹೇಗೆ? ಉಳಿದದ್ದು ಇಪ್ಪತ್ತು ಅಡಿ.

ಇಲ್ಲೊಂದು ಸಣ್ಣ ಒಗಟಿದೆ. ಗೇಟನ್ನು ಸರಿಯಾಗಿ ನಡುವೆ ಇಟ್ಟರೆ ಆ ಕಡೆ ಹತ್ತು ಅಡಿ, ಈ ಕಡೆ ಹತ್ತು ಅಡಿ. ಹದಿಮೂರು ಅಡಿಯ ಕಾರು ಎರಡೂ ಕಡೆ ಹಿಡಿಸುವುದಿಲ್ಲ. ಲೆಕ್ಕ ಸೊನ್ನೆ. ಅದೇ ಗೇಟನ್ನು ಮೂಲೆಗೆ ಸರಿಸಿದರೆ ಇಪ್ಪತ್ತು ಅಡಿ ಒಟ್ಟಿಗೆ ಸಿಗುತ್ತದೆ, ಒಂದು ಕಾರು ಆರಾಮಾಗಿ ನಿಲ್ಲುತ್ತದೆ. ಜಾಗ ಅಷ್ಟೇ, ತುಂಡಾಗಿದ್ದು ಬೇರೆ ಥರ. ಎರಡು ಅರ್ಧ ಲೋಟ ಸೇರಿದರೆ ಒಂದು ಲೋಟ ನೀರಾದೀತು. ಬೇರೆ ಬೇರೆ ಕಡೆಯ ಎರಡು ಅರ್ಧ ಜಾಗ ಸೇರಿ ಒಂದು ಕಾರಿನ ಜಾಗ ಆಗುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಂದರೆ ಮನೆಗೆ ಹೆಚ್ಚೆಂದರೆ ಒಂದೇ ಕಾರು. ಮನೆ ಮಾತ್ರ ಮೂರು ಅಂತಸ್ತು, ಒಳಗೆ ನಾಲ್ಕು ಸಂಸಾರ. ನಾಲ್ಕರಲ್ಲಿ ಇಬ್ಬರಿಗೆ ಕಾರಿದ್ದರೂ ಲೆಕ್ಕ ತಪ್ಪಿತು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಮೂರರಲ್ಲಿ ಎರಡಕ್ಕೂ ಹೆಚ್ಚು ದ್ವಿಚಕ್ರದವು, ಹಾಗಾಗಿ ಊರು ಇನ್ನೂ ಉಸಿರಾಡುತ್ತಿದೆ.

ಬೀದಿಯ ಅಗಲದ ಕಥೆ ಇನ್ನೊಂದು. ಇಪ್ಪತ್ತು ಅಡಿ ರಸ್ತೆ ಅಂದರೆ ಆರು ಮೀಟರ್. ಎರಡೂ ಬದಿ ಒಂದೊಂದು ಸಾಲು ಕಾರು ನಿಂತರೆ, ಗೋಡೆಯಿಂದ ಬಿಡುವ ಗೇಣು ಜಾಗವೂ ಸೇರಿ ನಾಲ್ಕು ಮೀಟರ್ ಹೋಯಿತು. ನಡುವೆ ಉಳಿದದ್ದು ಎರಡು ಮೀಟರ್. ಬೆಂಕಿ ಆರಿಸುವ ಗಾಡಿಯ ಅಗಲವೇ ಸುಮಾರು ಎರಡೂವರೆ ಮೀಟರ್! ಬೀದಿಯಲ್ಲಿ ಯಾರೂ ನಿಯಮ ಮುರಿಯುತ್ತಿರುವಂತೆ ಕಾಣುವುದಿಲ್ಲ, ಎಲ್ಲರೂ ನೀಟಾಗಿ ಗೋಡೆಗೆ ಒತ್ತಿಯೇ ನಿಲ್ಲಿಸಿರುತ್ತಾರೆ. ಆದರೂ ಬೀದಿ ಮುಚ್ಚಿಹೋಗಿರುತ್ತದೆ.

ಈಗ ಆಟ. ಪುಟ್ಟಿಗೆ ಇದನ್ನು ಅಡುಗೆಮನೆಯ ನೆಲದ ಮೇಲೆ ಆಡಿಸಿದೆ, ನೀವೂ ಆಡಿ. ಖಾಲಿ ಬೆಂಕಿಪೊಟ್ಟಣಗಳನ್ನು ಕೂಡಿಡಿ, ಇಪ್ಪತ್ತು ಬೇಕು. ಇಪ್ಪತ್ತನ್ನೂ ಉದ್ದಕ್ಕೆ ಒಂದಕ್ಕೊಂದು ತಾಗಿಸಿ ಜೋಡಿಸಿ, ಆ ಸಾಲಿನಷ್ಟೇ ಉದ್ದದ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆಯಿರಿ. ಇದು ಬೀದಿ. ಪೊಟ್ಟಣಗಳನ್ನೆಲ್ಲ ತೆಗೆಯಿರಿ. ಈಗ ಒಬ್ಬರು ಕಣ್ಣು ಮುಚ್ಚಿ ಗೆರೆಯ ಮೇಲೆ ಎಲ್ಲಾದರೂ ಬೆರಳಿಡಬೇಕು. ಬೆರಳಿಟ್ಟಲ್ಲಿಂದ ಬಲಕ್ಕೆ ಒಂದು ಪೊಟ್ಟಣ ಇಡಿ. ಮತ್ತೆ ಕಣ್ಣು ಮುಚ್ಚಿ, ಮತ್ತೆ ಬೆರಳು. ಹೊಸ ಪೊಟ್ಟಣ ಹಳೆಯದಕ್ಕೆ ಡಿಕ್ಕಿ ಹೊಡೆದರೆ, ಇಲ್ಲವೇ ಗೆರೆಯ ತುದಿಯಿಂದ ಹೊರಗೆ ಹೋದರೆ ಆ ಸರದಿ ರದ್ದು. ಇನ್ನು ಯಾವ ಸಂದಿಯಲ್ಲೂ ಒಂದು ಪೊಟ್ಟಣ ಹಿಡಿಸುವುದಿಲ್ಲ ಅನ್ನುವವರೆಗೆ ಆಡಿ, ಎಣಿಸಿ.

ಇಪ್ಪತ್ತು ಬರುವುದಿಲ್ಲ. ಹದಿನಾಲ್ಕೋ ಹದಿನೈದೋ ಬರುತ್ತದೆ. ಕೆಲವೊಮ್ಮೆ ಹದಿಮೂರು, ಕೆಲವೊಮ್ಮೆ ಹದಿನಾರು. ಹತ್ತು ಸಲ ಆಡಿ ಸರಾಸರಿ ತೆಗೆದರೆ ಹದಿನೈದರ ಆಸುಪಾಸಿಗೇ ಬಂದು ಕೂರುತ್ತದೆ.

ಆಲ್‌ಫ್ರೆಡ್ ರೇನಿ ಎಂಬ ಹಂಗೇರಿ ದೇಶದ ಗಣಿತಜ್ಞ 1958ರಲ್ಲಿ ಇದೇ ಆಟವನ್ನು ಕಾಗದದ ಮೇಲೆ ಆಡಿದ. ಬಹಳ ಉದ್ದದ ಬೀದಿಯಲ್ಲಿ ಒಂದೇ ಅಳತೆಯ ಕಾರುಗಳು ಮನಸ್ಸಿಗೆ ಬಂದಲ್ಲಿ ನಿಲ್ಲುತ್ತಾ ಹೋದರೆ, ಬೀದಿ 'ತುಂಬಿತು' ಅನ್ನುವ ಹೊತ್ತಿಗೆ ಅದರ ಎಷ್ಟು ಪಾಲು ನಿಜಕ್ಕೂ ತುಂಬಿರುತ್ತದೆ? ಅವನ ಉತ್ತರ 0.7476. ಅಂದರೆ ಮುಕ್ಕಾಲಿಗೆ ಕೂದಲೆಳೆಯಷ್ಟು ಕಡಿಮೆ. ಉಳಿದ ಕಾಲುಭಾಗ ಖಾಲಿಯೇ ಇರುತ್ತದೆ, ಆದರೆ ಚೂರು ಚೂರಾಗಿ. ಕಾರು ಹಿಡಿಸದ ಚೂರು. ಈ ಸಂಖ್ಯೆಗೆ ಗಣಿತದಲ್ಲಿ ಅವನ ಹೆಸರೇ ನಿಂತಿದೆ. ಅಣುಗಳು ಒಂದು ಮೇಲ್ಮೈಗೆ ಹೇಗೆ ಅಂಟಿಕೊಳ್ಳುತ್ತವೆ ಎಂದು ಲೆಕ್ಕ ಹಾಕುವವರೂ ಇದೇ ದಾರಿಯಲ್ಲಿ ಯೋಚಿಸುತ್ತಾರೆ.

ಬೇಕೆಂದೇ ಕೆಟ್ಟದಾಗಿ ಆಡಿದರೆ ಎಷ್ಟಕ್ಕೆ ಬೀದಿ ತುಂಬಿಸಬಹುದು? ಹತ್ತೇ ಸಾಕು! ಪ್ರತಿ ಪೊಟ್ಟಣದ ಆಚೀಚೆ ಒಂದು ಪೊಟ್ಟಣಕ್ಕಿಂತ ಒಂದೇ ಒಂದು ನೂಲು ಕಡಿಮೆ ಜಾಗ ಬಿಡುತ್ತಾ ಹೋಗಿ. ಪುಟ್ಟಿ ಇದನ್ನು ಮಾಡಿ ತೋರಿಸಿ, "ನಿಮ್ಮ ಬೀದಿಯೋರು ಹಿಂಗೇ ನಿಲ್ಸದು" ಎಂದಳು. ನನ್ನ ಕಾರೂ ಅದೇ ಸಾಲಿನಲ್ಲಿ ಇತ್ತು, ನಾನು ಮಾತಾಡಲಿಲ್ಲ.

ಹಾಗಾಗಿ ಚೀಟಿ ಕೊಡಲು ಹೊರಟ ಊರು ಮೊದಲು ಮಾಡುವ ಕೆಲಸ ಚೀಟಿಯದ್ದಲ್ಲ, ಸುಣ್ಣದ್ದು. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಚೌಕಗಳನ್ನು ಎಳೆಯುತ್ತಾರೆ. ಗೇಟಿನ ಮುಂದೆ ಚೌಕವಿಲ್ಲ, ಬೀದಿಯ ಮೂಲೆಯಲ್ಲಿ ಚೌಕವಿಲ್ಲ, ಕಿರಿದಾದ ರಸ್ತೆಯಲ್ಲಿ ಒಂದೇ ಬದಿ ಚೌಕ. ಮನಸ್ಸಿಗೆ ಬಂದಲ್ಲಿ ನಿಲ್ಲುವ ಆಟವನ್ನು ಚೌಕಾಬಾರದ ಮನೆಯಂತೆ ಮಾಡಿದರೆ ಚೂರುಗಳು ಒಂದಾಗುತ್ತವೆ. ಆಮೇಲೆ ಚೌಕಗಳನ್ನು ಎಣಿಸುತ್ತಾರೆ. ಈ ಬೀದಿಗೆ ನಲವತ್ತು, ಪಕ್ಕದ ಬೀದಿಗೆ ಮೂವತ್ತೆರಡು, ಹೀಗೆ. ಹತ್ತಾರು ಬೀದಿ ಸೇರಿಸಿ ಒಂದು ವಲಯ.

ಇನ್ನು ಚೀಟಿ. ಆ ವಲಯದಲ್ಲಿ ಮನೆಯಿದ್ದವರು ಎರಡು ಕಾಗದ ತೋರಿಸಬೇಕು. ನಾನು ಇಲ್ಲೇ ವಾಸ ಇರುವುದು ಎನ್ನುವುದಕ್ಕೆ ಒಂದು, ಈ ಗಾಡಿ ನನ್ನದೇ ಎನ್ನುವುದಕ್ಕೆ ಇನ್ನೊಂದು. ವರ್ಷಕ್ಕಿಷ್ಟು ಎಂದು ಹಣ ಕಟ್ಟಬೇಕು. ಆಗ ಗಾಜಿಗೆ ಅಂಟಿಸುವ ಸ್ಟಿಕ್ಕರ್ ಕೊಡುತ್ತಾರೆ. ಈಚೆಗೆ ಎಷ್ಟೋ ಊರುಗಳಲ್ಲಿ ಅದೂ ಇಲ್ಲ, ಗಾಡಿಯ ನಂಬರೇ ಚೀಟಿ. ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತದೆ, ಗಣಕಯಂತ್ರ ಅಕ್ಷರಗಳನ್ನು ಓದಿ ಪಟ್ಟಿಯಲ್ಲಿದೆಯೇ ಎಂದು ಹುಡುಕುತ್ತದೆ. ಇದ್ದರೆ ಸುಮ್ಮನಾಗುತ್ತದೆ, ಇಲ್ಲದಿದ್ದರೆ ದಂಡದ ಕಾಗದ ಮನೆಗೆ ಬರುತ್ತದೆ. ಊರಿನ ಹುಣಸೆಮರದ ಕೆಳಗೆ ಕೂತ ಅಜ್ಜ ಕಣ್ಣು ಕಿರಿದು ಮಾಡಿ 'ಯಾರ್ ಗಾಡಿಲಾ ಅದು?' ಎಂದು ಕೇಳುತ್ತಾನಲ್ಲ, ಅದೇ ಕೆಲಸ.

ಇಲ್ಲಿ ಪುಟ್ಟಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ನಲವತ್ತು ಚೌಕ ಅಂದ್ರೆ ನಲವತ್ತೇ ಚೀಟಿನಾ?"

ಅಲ್ಲ. ಸಾಮಾನ್ಯವಾಗಿ ಹೆಚ್ಚೇ ಕೊಡುತ್ತಾರೆ. ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಸಾವಿರ ಜನಕ್ಕೆ ಕರೆಯೋಲೆ ಕೊಟ್ಟಿರುತ್ತಾರೆ, ಎಲೆ ಹಾಕುವುದು ಒಂದು ಸಲಕ್ಕೆ ಇನ್ನೂರು. ಎಲ್ಲರೂ ಒಂದೇ ಗಳಿಗೆಗೆ ಹಸಿಯುವುದಿಲ್ಲ ಎಂಬ ನಂಬಿಕೆ. ಬೀದಿಯಲ್ಲೂ ಹಾಗೇ, ಒಬ್ಬರು ಊರಿಗೆ ಹೋಗಿರುತ್ತಾರೆ, ಒಬ್ಬರಿಗೆ ರಾತ್ರಿ ಪಾಳಿ. ಆದರೆ ಮದುವೆಮನೆಗೂ ಬೀದಿಗೂ ಒಂದು ವ್ಯತ್ಯಾಸವಿದೆ. ರಾತ್ರಿ ಹತ್ತಾದರೆ ಎಲ್ಲ ಕಾರುಗಳಿಗೂ ಒಟ್ಟಿಗೇ ನಿದ್ದೆ ಬರುತ್ತದೆ! ಚೀಟಿ ಹೆಚ್ಚಾದರೆ ಆಗ ಗೊತ್ತಾಗುತ್ತದೆ. ಲಂಡನ್ನಿನ ಪೌರಾಡಳಿತಗಳು ಇದನ್ನು ಮುಚ್ಚಿಡುವುದಿಲ್ಲ. ಪರ್ಮಿಟ್ ಇದ್ದರೆ ಜಾಗ ಸಿಕ್ಕೇ ಸಿಗುತ್ತದೆಂದು ಭರವಸೆಯಿಲ್ಲ ಎಂದು ಬರೆದೇ ಕೊಡುತ್ತವೆ. ನಮ್ಮ ಕಡೆಯ ಕಬ್ಬಿನ ಹಾಗೆ. ಕಾರ್ಖಾನೆಯಿಂದ ಕಟಾವಿಗೆ ಆರ್ಡರ್ ಬಂದ ಮಾತ್ರಕ್ಕೆ ತೂಕದ ಜಾಗ ಖಾಲಿ ಇರುತ್ತದೆಯೇ? ಸಾಲಿನಲ್ಲಿ ನಿಲ್ಲಲು ಹಕ್ಕು ಸಿಕ್ಕಿತು, ಅಷ್ಟೇ.

ಹಾಗಾದರೆ ಒಂದಿಷ್ಟು ಜಾಗ ಯಾವಾಗಲೂ ಖಾಲಿ ಉಳಿಯುವಂತೆ ನೋಡಿಕೊಳ್ಳಬೇಕು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಡೊನಾಲ್ಡ್ ಶೂಪ್ ಎಂಬ ಮೇಷ್ಟ್ರಿದ್ದರು. ಕಾರು ನಿಲ್ಲಿಸುವ ಜಾಗದ ಬಗ್ಗೆಯೇ ಬದುಕಿಡೀ ಯೋಚಿಸಿ 2005ರಲ್ಲಿ ದಪ್ಪದೊಂದು ಪುಸ್ತಕ ಬರೆದರು. ನೂರರಲ್ಲಿ ಎಂಬತ್ತೈದು ಜಾಗ ತುಂಬಿದ್ದು, ಏಳಕ್ಕೆ ಒಂದರಂತೆ ಖಾಲಿಯಿದ್ದರೆ ಚೆನ್ನ ಎನ್ನುವುದು ಅವರ ಲೆಕ್ಕ. ಆಗ ಯಾರೂ ಜಾಗಕ್ಕಾಗಿ ಸುತ್ತಬೇಕಾಗಿಲ್ಲ. ತಮ್ಮ ವಿಶ್ವವಿದ್ಯಾಲಯದ ಪಕ್ಕದ ಅಂಗಡಿಬೀದಿಗಳಲ್ಲಿ, ಬರೀ ಹದಿನೈದು ಬ್ಲಾಕುಗಳಷ್ಟು ಜಾಗದಲ್ಲಿ, ಜಾಗ ಹುಡುಕುತ್ತಾ ಸುತ್ತುವ ಕಾರುಗಳು ಒಂದು ವರ್ಷಕ್ಕೆ ಓಡುವ ದೂರವನ್ನು ಅವರು ಲೆಕ್ಕ ಹಾಕಿದರು. ಸುಮಾರು 15 ಲಕ್ಷ ಕಿಲೋಮೀಟರ್ ಬಂತು, ಭೂಮಿಯನ್ನು 38 ಸಲ ಸುತ್ತಿದಷ್ಟು! ಕಿರಾಣಿ ಅಂಗಡಿಯ ಮುಂದೆ ನನ್ನ ನಾಲ್ಕು ಸುತ್ತು ಯಾವ ಲೆಕ್ಕ ಬಿಡಿ, ಆದರೂ ಸುಟ್ಟದ್ದು ಪೆಟ್ರೋಲೇ.

ಬೆಂಗಳೂರಿನಲ್ಲಿ ಈ ಚೀಟಿ ಇದೆಯೇ? ಕಾಗದದ ಮೇಲೆ ಇದೆ. ನಗರ ಭೂಸಾರಿಗೆ ನಿರ್ದೇಶನಾಲಯ ಎಂಬ ಸರ್ಕಾರಿ ಇಲಾಖೆ 'ಪಾರ್ಕಿಂಗ್ ನೀತಿ 2.0' ಎಂದು ಒಂದನ್ನು ಸಿದ್ಧಮಾಡಿತು, 2021ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಮನೆಯ ಹತ್ತಿರದ ಬೀದಿಯಲ್ಲಿ ಕಾರು ನಿಲ್ಲಿಸುವವರು ಚಿಕ್ಕ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ಮಧ್ಯಮದ್ದಕ್ಕೆ 3,000ದಿಂದ 4,000, ದೊಡ್ಡ ಎಸ್‌ಯುವಿಗಳಿಗೆ 5,000 ಕೊಡಬೇಕೆಂದು ಅದರಲ್ಲಿದೆ. ದೊಡ್ಡ ಹಾಸಿಗೆಗೆ ದೊಡ್ಡ ಬಾಡಿಗೆ, ನ್ಯಾಯವೇ. ಆಗ ಪತ್ರಿಕೆಗಳಲ್ಲಿ ಗದ್ದಲವಾಯಿತು. ನಮ್ಮ ಮನೆ ಮುಂದೆ ನಿಲ್ಲಿಸಲು ನಾವೇ ದುಡ್ಡು ಕೊಡಬೇಕೇ ಎಂದು ಬಹಳ ಜನ ಕೇಳಿದರು. ನನ್ನ ಬೀದಿಗೆ ಆ ಚೀಟಿ ಇನ್ನೂ ಬಂದಿಲ್ಲ.

ಪುಟ್ಟಿ ಭಾಗಾಕಾರ ಮಾಡಿದಳು. 1,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಎರಡೂ ಮುಕ್ಕಾಲು ರೂಪಾಯಿ. "ಇದಕ್ಕೆ ಒಂದ್ ಲೋಟ ಕಾಪಿನೂ ಬರಲ್ಲ ಮಾವ!" ನಿಜ. ಅದೇ ಅಳತೆಯ ಕೋಣೆಯನ್ನು ಮನುಷ್ಯರಿಗೆ ಬಾಡಿಗೆಗೆ ಕೊಡುವವರು ತಿಂಗಳಿಗೆ ಸಾವಿರಾರು ಕೇಳುತ್ತಾರೆ. ಕಾರಿನ ಹಾಸಿಗೆ ಅಗ್ಗವಾಗೇ ಇದೆ ಎಂದು ನನಗನಿಸುತ್ತದೆ, ಕಾರಿರುವ ನಾನೇ ಹೇಳುತ್ತಿದ್ದೇನೆ.

ನಮ್ಮ ಮನೆ ಮುಂದೆ ಎನ್ನುವ ಮಾತಿಗೆ ಬರೋಣ. ಸೈಟಿನ ಗಡಿ ಮೋರಿಯ ಈಚೆಗೇ ಮುಗಿಯುತ್ತದೆ. ಆಚೆಯದು ಬೀದಿ, ಊರಿನ ಗೋಮಾಳದ ಹಾಗೆ ಎಲ್ಲರದ್ದು. ಆದರೆ ಬೆಂಗಳೂರಿನ ಬೀದಿಯಲ್ಲಿ ನಡೆದು ನೋಡಿ. ಒಬ್ಬರು ಹೂಕುಂಡ ಇಟ್ಟಿರುತ್ತಾರೆ, ಒಬ್ಬರು ಸೈಜುಗಲ್ಲು. ಹಳೇ ಬಕೆಟ್ಟಿಗೆ ಸಿಮೆಂಟು ತುಂಬಿ ನಡುವೆ ಪೈಪು ನೆಟ್ಟಿರುತ್ತಾರೆ. ಗೇಟಿನ ಮೇಲೆ 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂಬ ಬೋರ್ಡು. ಇವೂ ಒಂದು ಥರದ ಚೀಟಿಗಳೇ, ತಮಗೆ ತಾವೇ ಬರೆದುಕೊಂಡವು.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಪಕ್ಕ ಆರ್ಲಿಂಗ್ಟನ್ ಎಂಬಲ್ಲಿ ಇಂಥದೇ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕಚೇರಿಗಳಿಗೆ ಬರುವವರು ಪಕ್ಕದ ಬಡಾವಣೆಯ ಬೀದಿಗಳಲ್ಲಿ ಕಾರು ಬಿಟ್ಟು ಹೋಗುತ್ತಿದ್ದರು. ಬಡಾವಣೆಯವರಿಗೆ ಮಾತ್ರ ಚೀಟಿ ಎಂದು ಆಡಳಿತ ನಿಯಮ ಮಾಡಿತು. ಬೀದಿ ಎಲ್ಲರದ್ದಲ್ಲವೇ, ಅವರಿಗೊಂದು ನಮಗೊಂದು ಯಾಕೆ ಎಂದು ಹೊರಗಿನವರು ಕೇಸು ಹಾಕಿದರು. 1977ರಲ್ಲಿ ತೀರ್ಪು ಬಂತು. ಮನೆಗಳಿರುವ ಕಡೆ ಗದ್ದಲ, ಹೊಗೆ ಕಡಿಮೆ ಮಾಡಲು ಊರು ಹೀಗೆ ನಿಯಮ ಮಾಡಬಹುದು, ಇದರಿಂದ ಸಮಾನತೆಗೆ ಭಂಗವಿಲ್ಲ ಎಂದು. ಜಪಾನಿನವರು ಇನ್ನೂ ಹಿಂದೆಯೇ, 1962ರಲ್ಲೇ, ಕಾನೂನು ಮಾಡಿ ಲೆಕ್ಕವನ್ನೇ ತಿರುಗಿಸಿಬಿಟ್ಟಿದ್ದಾರೆ. ಅಲ್ಲಿ ಕಾರು ಕೊಂಡ ಮೇಲೆ ಜಾಗ ಹುಡುಕುವಂತಿಲ್ಲ. ಕಾರು ಮಲಗಲು ಬೀದಿಯಲ್ಲದ ಜಾಗ, ಮನೆಯಿಂದ ಎರಡು ಕಿಲೋಮೀಟರಿನೊಳಗೆ ಇದೆಯೆಂದು ಪೊಲೀಸರಿಗೆ ನಕ್ಷೆ ಕೊಟ್ಟು ಪ್ರಮಾಣಪತ್ರ ತರಬೇಕು. ಹಟ್ಟಿ ಕಟ್ಟಿದ ಮೇಲೆ ಹಸು ತರುವವರ ಪೈಕಿ ಅವರು.

"ಮಾವ," ಪುಟ್ಟಿಗೆ ಇನ್ನೊಂದು ಅನುಮಾನ, "ನಿಂಗೆ ಚೀಟಿ ಕೊಡ್ತಾರಾ? ನಿನ್ ಕಾರ್ ನಂಬ್ರ ಕೆಎ ಹನ್ನೊಂದು."

ಸಿಕ್ಕಿಬಿದ್ದೆ. ಕೆಎ 11 ಮಂಡ್ಯದ್ದು. ಕಾರಿನ ಆರ್‌ಸಿಯಲ್ಲಿ ಇರುವುದು ಬಾಬುರಾಯನಕೊಪ್ಪಲಿನ ವಿಳಾಸ. ಮಲಗುವುದು ಬೆಂಗಳೂರಿನಲ್ಲಿ, ಕಾಗದದ ಪ್ರಕಾರ ಅದು ಪುಟ್ಟಿಯ ಊರಿನ ಕಾರು. ಚೀಟಿ ಬಂದ ದಿನ ನಾನು ವಿಳಾಸ ಬದಲಿಸಲು ಆರ್‌ಟಿಒ ಕಚೇರಿಗೆ ಹೋಗಲೇಬೇಕು.

"ಮತ್ತೆ ನಾವ್ ಅಪ್ಪನ್ ಕಾರಲ್ಲಿ ಬಂದ್ರೆ?"

ಅದಕ್ಕೂ ದಾರಿಯಿದೆ. ಪರ್ಮಿಟ್ ಇರುವ ಊರುಗಳಲ್ಲಿ ನೆಂಟರಿಗೆಂದು ಬೇರೆ ಚೀಟಿ ಇರುತ್ತದೆ. ಲಂಡನ್ನಿನ ಕೆಲವು ಕಡೆ ಅದು ಕಾಸಿನಿಂದ ಗೀರುವ ಲಾಟರಿಯಂಥ ಚೀಟಿ. ನೆಂಟರು ಬಂದ ದಿನ ತಾರೀಕಿನ ಮೇಲಿನ ಬೂದುಬಣ್ಣ ಗೀರಿ, ಕಾರಿನ ಗಾಜಿನ ಹಿಂದೆ ಇಟ್ಟರಾಯಿತು. ಮನೆಗೆ ವರ್ಷಕ್ಕೆ ಇಂತಿಷ್ಟೇ ಎಂದು ಮಿತಿಯೂ ಇರುತ್ತದೆ. ಅಕ್ಕಿ ಮೂಟೆ, ಬೆಲ್ಲದ ಅಚ್ಚು, ಎಳನೀರು ಹೊತ್ತು ತಿಂಗಳಿಗೆ ಎರಡು ಸಲ ಬರುವ ನಮ್ಮ ನೆಂಟರಿಗೆ ಅದು ಸಾಲುವುದೋ ಇಲ್ಲವೋ.

ರಜೆ ಮುಗಿದು ಪುಟ್ಟಿಯನ್ನು ಊರಿಗೆ ಬಿಡಲು ಹೋದೆ. ಮನೆ ಮುಂದೆ ಬೇಕಾದಷ್ಟು ಜಾಗ. ಒಂದೇ ಸಲಕ್ಕೆ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಜಗಲಿಯ ಮೇಲೆ ಕಾಲು ಚಾಚಿದೆ. ಅವ್ವ ಒಳಗಿಂದ ಬಂದು ಕಾರನ್ನೂ ನನ್ನನ್ನೂ ನೋಡಿತು.

"ಅದನ್ನ ಆ ಕಡೀಕೆ ಹಾಕಪ್ಪ. ನಾಳೆ ಹೊತ್ತಾರೆ ಪಕ್ಕದ್ ಮನೆಯೋರ್ ಹುಲ್ಲಿನ್ ಗಾಡಿ ಬತ್ತದೆ."

ಪುಟ್ಟಿ ಬೆಂಕಿಪೊಟ್ಟಣಗಳ ಚೀಲ ಹಿಡಿದುಕೊಂಡೇ ಕಾರಿನ ಹಿಂದೆ ಓಡಿ ನಿಂತಳು. "ಬಾ ಮಾವ, ಬಾ, ಇನ್ನೂ ಬಾ… ಸಾಕು. ಒಂದ್ ಗಾಡಿ ಹಿಡಿಸ್ತದೆ."